ಆಫೀಸ್ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಬದಲಾಗುತ್ತಿಲ್ಲವೇ? ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಹೊಸ ಪಾಸ್‌ವರ್ಡ್ ಎರಡು ಸಲ ಟೈಪ್ ಮಾಡಿ ಎಂಟರ್ ಒತ್ತಿದಾಗ ತೆರೆಯ ಮೇಲೆ ಬರುವ ಎರರ್ ಎಷ್ಟೋ ಸಲ ಅಸಲಿ ಕಾರಣವನ್ನು ಹೇಳುವುದೇ ಇಲ್ಲ. ‘ನಿಯಮಕ್ಕೆ ಹೊಂದುತ್ತಿಲ್ಲ’ ಎಂದು ಬಂದರೆ ಪಾಸ್‌ವರ್ಡ್ ದುರ್ಬಲವಾಗಿದೆ ಎಂದುಕೊಂಡು ಜನ ಒಂದಾದ ಮೇಲೊಂದು ಚಿಹ್ನೆ ಸೇರಿಸುತ್ತಾ ಹೋಗುತ್ತಾರೆ. ಅಸಲಿಗೆ ನಿನ್ನೆ ಸಂಜೆಯಷ್ಟೇ ಪಾಸ್‌ವರ್ಡ್ ಬದಲಾಗಿರುತ್ತದೆ, ಒಂದು ದಿನ ಕಳೆಯುವ ತನಕ ಮತ್ತೆ ಬದಲಾಯಿಸಲು ಸರ್ವರ್ ಬಿಡುತ್ತಿರುವುದಿಲ್ಲ, ಅಷ್ಟೇ.

ಹಾಗಾಗಿ ಹೊಸ ಪಾಸ್‌ವರ್ಡ್ ಯೋಚಿಸುವ ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಪಾಸ್‌ವರ್ಡ್ ಎಲ್ಲಿ ಕೂತಿದೆ? ಆಫೀಸ್ ಅಕೌಂಟ್ ಆಗಿದ್ದರೆ ಅಸಲಿ ದಾಖಲೆ ಇರುವುದು ಡೊಮೇನನ್ನು, ಅಂದರೆ ಕಂಪನಿಯ ಅಕೌಂಟ್ ಮತ್ತು ಕಂಪ್ಯೂಟರ್‌ಗಳ ಜಾಲವನ್ನು, ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ ಎಂಬ ಸರ್ವರ್‌ನಲ್ಲಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದು ಅದರ ಒಂದು ನೆರಳು. ಫೋನಿನ ಇಮೇಲ್ ಆ್ಯಪ್, ವೈಫೈ, ಮ್ಯಾಪ್ ಮಾಡಿದ ಡ್ರೈವ್ (ಡ್ರೈವ್‌ನಂತೆ ಕಾಣುವ ಆಫೀಸ್ ಸರ್ವರ್‌ನ ಫೋಲ್ಡರ್), ಬ್ರೌಸರ್, ಇವುಗಳಲ್ಲಿ ಇನ್ನಷ್ಟು ಪ್ರತಿಗಳು ಇರುತ್ತವೆ. ಅಸಲು ಬದಲಾಗಿ ಪ್ರತಿಗಳು ಹಳೆಯವೇ ಉಳಿದರೆ ಒಂದು ಬಗೆಯ ತೊಂದರೆ. ಅಸಲನ್ನು ತಲುಪಲೇ ಆಗದಿದ್ದರೆ ಇನ್ನೊಂದು ಬಗೆ. ಅಸಲು ಹೊಸದನ್ನು ಒಪ್ಪದಿದ್ದರೆ ಮೂರನೆಯದು. ನಿಮ್ಮದು ಈ ಮೂರರಲ್ಲಿ ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಅಕೌಂಟ್ ಯಾವ ಬಗೆಯದೆಂದು ನೋಡಿ

ವಿಂಡೋಸ್ ಕಂಪ್ಯೂಟರ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ ಎಂದು ಟೈಪ್ ಮಾಡಿದರೆ ಕಮಾಂಡ್ ಪ್ರಾಂಪ್ಟ್ ಸಿಗುತ್ತದೆ. ಅಲ್ಲಿ ‘ಹೂಆ್ಯಮ್‌ಐ’ ಎಂಬ ಕಮಾಂಡ್ ಕೊಡಿ. ಮೂರು ಇಂಗ್ಲಿಷ್ ಪದಗಳನ್ನು ನಡುವೆ ಜಾಗ ಬಿಡದೆ ಸೇರಿಸಿ ಬರೆದರಾಯಿತು. ಉತ್ತರ ಎರಡು ಭಾಗಗಳಲ್ಲಿ ಬರುತ್ತದೆ, ನಡುವೆ ಒಂದು ಬ್ಯಾಕ್‌ಸ್ಲ್ಯಾಶ್ ಇರುತ್ತದೆ. ನೋಡಬೇಕಾದದ್ದು ಎಡಭಾಗವನ್ನು.

ಎಡಗಡೆ ಕಂಪನಿಯ ಡೊಮೇನ್ ಹೆಸರಿದ್ದರೆ ಅದು ಡೊಮೇನ್ ಅಕೌಂಟ್. ಪಾಸ್‌ವರ್ಡ್ ಇರುವುದು ಡೊಮೇನ್ ಕಂಟ್ರೋಲರ್‌ನ ಅಕೌಂಟ್ ಪಟ್ಟಿಯಾದ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ. ‘ಅಜೂರ್‌ಎಡಿ’ ಎಂದಿದ್ದರೆ ಕ್ಲೌಡ್ ಅಕೌಂಟ್. ಆ ಸೇವೆಗೆ 2023ರಲ್ಲಿ ಮೈಕ್ರೋಸಾಫ್ಟ್ ಎಂಟ್ರಾ ಐಡಿ ಎಂದು ಹೊಸ ಹೆಸರಿಟ್ಟರೂ ಇಲ್ಲಿ ಹಳೆಯ ಹೆಸರೇ ಉಳಿದಿದೆ. ಕಂಪ್ಯೂಟರ್‌ನ ಹೆಸರೇ ಬಂದರೆ ಅದು ಲೋಕಲ್ ಅಕೌಂಟ್, ಇಲ್ಲವೇ ಖಾಸಗಿ ಮೈಕ್ರೋಸಾಫ್ಟ್ ಅಕೌಂಟ್. ಸೆಟ್ಟಿಂಗ್ಸ್‌ನ ಅಕೌಂಟ್ಸ್ ಪುಟದಲ್ಲಿ ನಿಮ್ಮ ಹೆಸರಿನ ಕೆಳಗೆ ‘ಲೋಕಲ್ ಅಕೌಂಟ್’ ಎಂದಿದೆಯೋ ಇಮೇಲ್ ವಿಳಾಸವಿದೆಯೋ ನೋಡಿದರೆ ಆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ.

ಡೊಮೇನೂ ಇದ್ದು ಕ್ಲೌಡೂ ಇರುವ ಹೈಬ್ರಿಡ್ ಕಂಪನಿಗಳೂ ಸಾಕಷ್ಟಿವೆ. ‘ಡಿಎಸ್‌ರೆಗ್‌ಸಿಎಂಡಿ’ ಕಮಾಂಡ್‌ಗೆ ‘ಸ್ಲ್ಯಾಶ್ ಸ್ಟೇಟಸ್’ ಸೇರಿಸಿ ಓಡಿಸಿದರೆ ‘ಅಜೂರ್‌ಎಡಿ ಜಾಯಿನ್ಡ್’, ‘ಡೊಮೇನ್ ಜಾಯಿನ್ಡ್’ ಎಂಬ ಎರಡು ಸಾಲುಗಳು ಕಾಣಿಸುತ್ತವೆ. ಎರಡರಲ್ಲೂ ‘ಯೆಸ್’ ಇದ್ದರೆ ಹೈಬ್ರಿಡ್.

ಪಿನ್ ಹಾಕಿ ಲಾಗಿನ್ ಆಗುವವರಿಗೆ ಒಂದು ಮಾತು. ವಿಂಡೋಸ್ ಹಲೋ ಪಿನ್ ಆ ಒಂದು ಕಂಪ್ಯೂಟರ್‌ಗೆ ಮಾತ್ರ ಸೇರಿದ್ದು, ಪಾಸ್‌ವರ್ಡ್ ಬದಲಾದರೂ ಪಿನ್ ಹಾಗೆಯೇ ಇರುತ್ತದೆ. ಆರು ತಿಂಗಳು ಪಿನ್‌ನಲ್ಲೇ ಕಳೆದು, ‘ಹಳೆಯ ಪಾಸ್‌ವರ್ಡ್’ ಎಂಬ ಕಾಲಂನಲ್ಲಿ ಪಿನ್ ತುಂಬಿಸಿ, ತಪ್ಪು ಎಂದು ಬಂದಾಗ ಕಂಪ್ಯೂಟರ್ ಕೆಟ್ಟಿದೆ ಎನ್ನುವವರು ತುಂಬಾ ಜನ.

ಬದಲಾಯಿಸುವ ಸರಿಯಾದ ಕ್ರಮ

1. ಆಫೀಸ್ ನೆಟ್‌ವರ್ಕ್‌ಗೆ ಸೇರಿಕೊಳ್ಳಿ. ಕೇಬಲ್ ಸಿಕ್ಕರೆ ಕೇಬಲ್ ಹಾಕಿ. ಮನೆಯಲ್ಲಿದ್ದರೆ ಮೊದಲು ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ಆನ್ ಮಾಡಿ, ಆಫೀಸಿನ ಒಂದು ಶೇರ್ಡ್ ಫೋಲ್ಡರ್ ತೆರೆದು ನೋಡಿ. ಅದು ತೆರೆದರೆ ದಾರಿ ಇದೆ ಎಂದರ್ಥ.
2. ಬೇರೆ ಕಂಪ್ಯೂಟರ್‌ಗಳಲ್ಲಿ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗಿದ್ದರೆ ಸೈನ್ ಔಟ್ ಮಾಡಿ. ಕಿಟಕಿ ಮುಚ್ಚಿದರೆ ಸಾಲದು, ಸೈನ್ ಔಟ್ ಆಗಲೇಬೇಕು. ಏಕೆಂಬುದು ಲಾಕ್‌ಔಟ್ ಭಾಗದಲ್ಲಿ ಬರುತ್ತದೆ.
3. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ ‘ಚೇಂಜ್ ಎ ಪಾಸ್‌ವರ್ಡ್’ ಆರಿಸಿ. ರಿಮೋಟ್ ಡೆಸ್ಕ್‌ಟಾಪ್ ಒಳಗಿದ್ದರೆ ಡಿಲೀಟ್ ಬದಲು ಎಂಡ್ ಕೀ. ಇಲ್ಲದಿದ್ದರೆ ಆ ಆಜ್ಞೆ ನಿಮ್ಮ ಎದುರಿನ ಕಂಪ್ಯೂಟರ್‌ಗೇ ಹೋಗುತ್ತದೆ.
4. ಮೇಲಿನ ಯೂಸರ್‌ನೇಮ್ ಸಾಲನ್ನು ಓದಿ. ಅಲ್ಲಿ ಬೇರೆ ಹೆಸರೋ ಬೇರೆ ಡೊಮೇನೋ ಇದ್ದರೆ ನೀವು ಬದಲಾಯಿಸಲು ಹೊರಟಿರುವುದು ಬೇರೆ ಅಕೌಂಟನ್ನು.
5. ಹಳೆಯದನ್ನು ಒಮ್ಮೆ, ಹೊಸದನ್ನು ಎರಡು ಸಲ ಟೈಪ್ ಮಾಡಿ. ಕಾಲಂನ ಬಲತುದಿಯಲ್ಲಿ ಕಣ್ಣಿನ ಗುರುತು ಕಾಣಿಸಿದರೆ ಅದನ್ನು ಒತ್ತಿ ಹಿಡಿದು, ಟೈಪ್ ಮಾಡಿದ್ದನ್ನು ಕಣ್ಣಾರೆ ನೋಡಿಕೊಳ್ಳಿ.
6. ಬದಲಾಯಿತು ಎಂದ ಕೂಡಲೇ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಲಾಕ್ ಮಾಡಿ, ಹೊಸ ಪಾಸ್‌ವರ್ಡ್‌ನಿಂದಲೇ ತೆರೆಯಿರಿ.

ವಾರದ ಕೊನೆಯ ಸಂಜೆ ಹೊರಡುವ ಆತುರದಲ್ಲಿ ಇದನ್ನು ಮಾಡಬೇಡಿ. ಸೋಮವಾರ ಬೆಳಿಗ್ಗೆ ಹೆಲ್ಪ್‌ಡೆಸ್ಕ್ ಫೋನ್ ಬಿಡುವಿಲ್ಲದೆ ಬಾರಿಸುವುದಕ್ಕೆ ಇಂಥ ಆತುರವೂ ಒಂದು ಕಾರಣ.

ಕೀಬೋರ್ಡ್ ಮೋಸ

‘ಹಳೆಯ ಪಾಸ್‌ವರ್ಡ್ ತಪ್ಪು’ ಎಂದು ಬಂದರೆ ಮೊದಲ ಅನುಮಾನ ಕೀಬೋರ್ಡ್ ಮೇಲಿರಲಿ. ಕ್ಯಾಪ್ಸ್ ಲಾಕ್ ಎಲ್ಲರಿಗೂ ಗೊತ್ತು. ನಮ್ ಲಾಕ್ ಆಫ್ ಆಗಿದ್ದರೆ ಬಲಬದಿಯ ಅಂಕಿಗಳು ಅಂಕಿಗಳಾಗಿ ಬೀಳುವುದಿಲ್ಲ, ಪಾಸ್‌ವರ್ಡ್ ಕಾಲಂನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಎರಡು ಭಾಷೆಯ ಕೀಬೋರ್ಡ್ ಸೇರಿಸಿಕೊಂಡಿದ್ದರೆ ಲಾಗಿನ್ ತೆರೆಯಲ್ಲಿ ಭಾಷೆಯ ಗುರುತು ಯಾವುದಿದೆ ನೋಡಿ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿದರೆ ಅದು ಬದಲಾಗುತ್ತದೆ. ಇಂಗ್ಲಿಷ್‌ನಲ್ಲೇ ಅಮೆರಿಕದ ವಿನ್ಯಾಸಕ್ಕೂ ಬ್ರಿಟನ್ನಿನ ವಿನ್ಯಾಸಕ್ಕೂ @ ಮತ್ತು ಜೋಡಿ ಉದ್ಧರಣ ಚಿಹ್ನೆ ಅದಲುಬದಲಾಗಿರುತ್ತವೆ. ಪಾಸ್‌ವರ್ಡ್‌ನಲ್ಲಿ @ ಇದ್ದವರಿಗೆ ಒಂದು ಕಂಪ್ಯೂಟರ್‌ನಲ್ಲಿ ಸರಿಹೋಗಿ ಇನ್ನೊಂದರಲ್ಲಿ ಕೈಕೊಡುವುದು ಹೀಗೆ. ಅನುಮಾನ ಬಂದರೆ ಯೂಸರ್‌ನೇಮ್ ಕಾಲಂನಲ್ಲಿ ಆ ಚಿಹ್ನೆಯನ್ನಷ್ಟೇ ಒತ್ತಿ ನೋಡಿ, ಅಳಿಸಿ.

‘ಉದ್ದ, ಸಂಕೀರ್ಣತೆ ಅಥವಾ ಇತಿಹಾಸದ ನಿಯಮಕ್ಕೆ ಹೊಂದುತ್ತಿಲ್ಲ’

ಅತಿ ಹೆಚ್ಚು ಕಾಡುವ ಎರರ್ ಇದೇ. ಬರುವುದು ಒಂದೇ ವಾಕ್ಯ, ಹಿಂದಿರುವ ಕಾರಣ ನಾಲ್ಕು: ಉದ್ದ, ಸಂಕೀರ್ಣತೆ, ಇತಿಹಾಸ, ಮತ್ತು ವಾಕ್ಯದಲ್ಲಿ ಹೆಸರೇ ಇಲ್ಲದ ನಾಲ್ಕನೆಯದು, ಅಂದರೆ ಕನಿಷ್ಠ ವಯಸ್ಸು (ಒಮ್ಮೆ ಬದಲಾಯಿಸಿದ ಮೇಲೆ ಮತ್ತೆ ಬದಲಾಯಿಸಲು ಕಾಯಬೇಕಾದ ಅವಧಿ). ನಾಲ್ಕನೆಯದನ್ನೇ ಮೊದಲು ಪರೀಕ್ಷಿಸಿ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ನೆಟ್ ಯೂಸರ್’, ಜಾಗ ಬಿಟ್ಟು ನಿಮ್ಮ ಯೂಸರ್‌ನೇಮ್, ಜಾಗ ಬಿಟ್ಟು ‘ಸ್ಲ್ಯಾಶ್ ಡೊಮೇನ್’ ಕೊಡಿ. ಇದಕ್ಕೆ ಅಡ್ಮಿನ್ ಅನುಮತಿ ಬೇಕಿಲ್ಲ. ಉದ್ದನೆಯ ಪಟ್ಟಿ ಬರುತ್ತದೆ, ನಡುವೆ ಹೀಗೆ ಮೂರು ಸಾಲುಗಳಿವೆ ಎಂದುಕೊಳ್ಳಿ:

ಪಾಸ್‌ವರ್ಡ್ ಲಾಸ್ಟ್ ಸೆಟ್: ಜೂನ್ 10, ಬೆಳಿಗ್ಗೆ 11:20
ಪಾಸ್‌ವರ್ಡ್ ಎಕ್ಸ್‌ಪೈರ್ಸ್: ಜುಲೈ 22, ಬೆಳಿಗ್ಗೆ 11:20
ಪಾಸ್‌ವರ್ಡ್ ಚೇಂಜೆಬಲ್: ಜೂನ್ 11, ಬೆಳಿಗ್ಗೆ 11:20

ಕೊನೆಯ ಸಾಲೇ ಮುಖ್ಯ. ಜೂನ್ 11ರ ಬೆಳಿಗ್ಗೆ 10 ಗಂಟೆಗೆ ನೀವು ಎಂಥ ಬಲವಾದ ಪಾಸ್‌ವರ್ಡ್ ಕೊಟ್ಟರೂ ಸರ್ವರ್ ಒಪ್ಪುವುದಿಲ್ಲ. 11:20 ದಾಟಿದ ಮೇಲೆ ಅದೇ ಪಾಸ್‌ವರ್ಡ್ ಸಲೀಸಾಗಿ ಹೋಗುತ್ತದೆ. ‘ಯೂಸರ್ ಮೇ ಚೇಂಜ್ ಪಾಸ್‌ವರ್ಡ್’ ಎಂಬ ಸಾಲೂ ಅಲ್ಲೇ ಇದೆ. ಅದರೆದುರು ‘ನೋ’ ಎಂದಿದ್ದರೆ ನಿಮ್ಮ ಅಕೌಂಟ್‌ಗೆ ಬದಲಾಯಿಸುವ ಅನುಮತಿಯೇ ಇಲ್ಲ, ಐಟಿಯವರೇ ಅದನ್ನು ತೆಗೆಯಬೇಕು.

ಇನ್ನು ನಿಯಮಗಳು. ‘ನೆಟ್ ಅಕೌಂಟ್ಸ್ ಸ್ಲ್ಯಾಶ್ ಡೊಮೇನ್’ ಎಂಬ ಕಮಾಂಡ್ ಡೊಮೇನ್‌ನ ನಿಯಮಗಳನ್ನು ತೋರಿಸುತ್ತದೆ. ಯಾರೂ ಕೈಹಾಕದ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಕನಿಷ್ಠ ಉದ್ದ 7 ಅಕ್ಷರ, ಗರಿಷ್ಠ ವಯಸ್ಸು 42 ದಿನ, ಕನಿಷ್ಠ ವಯಸ್ಸು 1 ದಿನ, ಹಿಂದಿನ 24 ಪಾಸ್‌ವರ್ಡ್‌ಗಳ ನೆನಪು. ನಿಮ್ಮ ಕಂಪನಿಯವರು ಇವನ್ನು ಬದಲಿಸಿರಬಹುದು. ಕನಿಷ್ಠ ವಯಸ್ಸು ಎಂಬ ಕಿರಿಕಿರಿ ಏಕಿದೆಯೆಂದರೆ, ಅದಿಲ್ಲದಿದ್ದರೆ ಹತ್ತು ನಿಮಿಷದಲ್ಲಿ 24 ಸಲ ಬದಲಾಯಿಸಿ 25ನೆಯ ಸಲ ಹಳೆಯ ಪಾಸ್‌ವರ್ಡ್‌ಗೇ ವಾಪಸ್ ಬರುವ ಜಾಣರು ಎಲ್ಲ ಆಫೀಸುಗಳಲ್ಲೂ ಇದ್ದಾರೆ.

ಸಂಕೀರ್ಣತೆಯ ನಿಯಮವನ್ನು ಅರ್ಧ ಮಾತ್ರ ತಿಳಿದುಕೊಂಡವರೇ ಹೆಚ್ಚು. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ, ಮತ್ತು ಕನ್ನಡದಂತೆ ದೊಡ್ಡದು ಸಣ್ಣದು ಎಂಬ ಭೇದವಿಲ್ಲದ ಲಿಪಿಯ ಅಕ್ಷರ, ಈ ಐದು ಗುಂಪುಗಳಲ್ಲಿ ಯಾವುದಾದರೂ ಮೂರು ಇರಬೇಕು. ಕನ್ನಡ ಅಕ್ಷರ ನಡೆಯುತ್ತದೆಂದು ಹಾಕಲು ಹೋಗಬೇಡಿ. ಲಾಗಿನ್ ತೆರೆಯಲ್ಲಿ ಆ ಕೀಬೋರ್ಡ್ ಸಿಗದ ದಿನ ಹೊರಗೇ ಉಳಿಯುತ್ತೀರಿ.

ಉಳಿದರ್ಧ ನಿಮ್ಮ ಹೆಸರಿಗೆ ಸಂಬಂಧಿಸಿದ್ದು. ಪಾಸ್‌ವರ್ಡ್ ಒಳಗೆ ನಿಮ್ಮ ಯೂಸರ್‌ನೇಮ್ ಪೂರ್ತಿಯಾಗಿ ಇರುವಂತಿಲ್ಲ. ಜೊತೆಗೆ ನಿಮ್ಮ ಪೂರ್ಣ ಹೆಸರನ್ನು ಜಾಗ, ಚುಕ್ಕೆ, ಅಲ್ಪವಿರಾಮ, ಅಡ್ಡಗೆರೆಗಳಲ್ಲಿ ಒಡೆದು, ಸಿಗುವ ತುಂಡುಗಳಲ್ಲಿ ಮೂರಕ್ಷರ ಅಥವಾ ಹೆಚ್ಚಿರುವ ಯಾವುದೂ ಪಾಸ್‌ವರ್ಡ್‌ನಲ್ಲಿ ಎಲ್ಲೂ ಬರುವಂತಿಲ್ಲ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನಿಷಿಯಲ್‌ಗಳು ಒಂದೆರಡು ಅಕ್ಷರವಾದ್ದರಿಂದ ಬಚಾವ್. ಆದರೆ ಹೆಸರಿನ ಕೊನೆಗೆ ರಾವ್ ಇರುವವರನ್ನು ನೋಡಿ. ಇಂಗ್ಲಿಷ್‌ನಲ್ಲಿ ಅದು ಆರ್, ಎ, ಓ, ಸರಿಯಾಗಿ ಮೂರಕ್ಷರ. ‘ಎಕ್ಸ್‌ಟ್ರಾರ್ಡಿನರಿ’ ಎಂಬ ಪದದ ಸ್ಪೆಲಿಂಗ್ ಬರೆದು ನೋಡಿ, ಆರಂಭದ ಇ, ಎಕ್ಸ್, ಟಿ ಆದ ಮೇಲೆ ಅದೇ ಮೂರಕ್ಷರ ಸಾಲಾಗಿ ಕೂತಿವೆ. ಆ ಪದವಿರುವ ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಕೊಟ್ಟರೂ ತಿರಸ್ಕಾರವೇ ಗತಿ, ಕಾರಣ ಮಾತ್ರ ತೆರೆಯ ಮೇಲೆ ಬರುವುದಿಲ್ಲ. ಪಕ್ಕದ ಟೇಬಲ್‌ನವರಿಗೆ ನಡೆದದ್ದು ನಿಮಗೆ ನಡೆಯದಿದ್ದರೆ ಹೆಸರಿನ ತುಂಡುಗಳನ್ನು ಹುಡುಕಿ.

ಅಂದಹಾಗೆ, ಇಂತಿಷ್ಟು ದಿನಕ್ಕೊಮ್ಮೆ ಬದಲಾಯಿಸಲೇಬೇಕು ಎಂಬ ಕಟ್ಟಳೆ ಈಗ ಹಳತಾಗಿದೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರ ತನ್ನ ಮಾರ್ಗಸೂಚಿಯಲ್ಲಿ ಅವಧಿಗೊಮ್ಮೆ ಬದಲಾಯಿಸುವಂತೆ ಒತ್ತಾಯಿಸಬೇಡಿ ಎಂದಿತು. ಮೈಕ್ರೋಸಾಫ್ಟ್ 2019ರಲ್ಲಿ ವಿಂಡೋಸ್‌ನ ಭದ್ರತಾ ಬೇಸ್‌ಲೈನ್‌ನಿಂದ (ತಾನು ಶಿಫಾರಸು ಮಾಡುವ ಸೆಟ್ಟಿಂಗ್‌ಗಳ ಪಟ್ಟಿಯಿಂದ) ಆ ನಿಯಮವನ್ನು ತೆಗೆದುಹಾಕಿತು. ಒತ್ತಾಯ ಮಾಡಿದರೆ ಜನ ಕೊನೆಯ ಅಂಕಿಯನ್ನು ಒಂದೊಂದೇ ಏರಿಸುತ್ತಾ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆದರೂ ನಿಮ್ಮ ಆಫೀಸಿನಲ್ಲಿ ನಿಯಮ ಇರುವ ತನಕ ಅದೇ ನಡೆಯುತ್ತದೆ.

‘ಡೊಮೇನ್ ಕಂಟ್ರೋಲರ್‌ನಿಂದ ಮಾಹಿತಿ ಓದಲಾಗಲಿಲ್ಲ’

ಇದು ನೆಟ್‌ವರ್ಕ್ ಎರರ್. ಪಾಸ್‌ವರ್ಡ್ ಎಷ್ಟು ಸಲ ಬದಲಿಸಿ ಕೊಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಕೇಳಿಸಿಕೊಳ್ಳಲು ಆ ಕಡೆ ಯಾರೂ ಇಲ್ಲ.

‘ಎನ್‌ಎಲ್‌ಟೆಸ್ಟ್’, ಜಾಗ, ‘ಸ್ಲ್ಯಾಶ್ ಡಿಎಸ್‌ಗೆಟ್‌ಡಿಸಿ’, ಕೋಲನ್, ಡೊಮೇನ್ ಹೆಸರು ಎಂದು ಕೊಡಿ. ಸರ್ವರ್‌ನ ಹೆಸರು, ಐಪಿ ವಿಳಾಸ ಬಂದರೆ ಕಂಪ್ಯೂಟರ್‌ಗೆ ದಾರಿ ಗೊತ್ತಿದೆ. ಅಂಥ ಡೊಮೇನ್ ಇಲ್ಲ ಎಂದು ಬಂದರೆ, ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮೇಲೆ ಅನುಮಾನ ಪಡಿ. ಇಂಟರ್ನೆಟ್ ವೇಗವಾಗಲಿ ಎಂದು ಯಾರೋ ಸಾರ್ವಜನಿಕ ಡಿಎನ್‌ಎಸ್ ವಿಳಾಸವನ್ನು ಕೈಯಾರೆ ತುಂಬಿಸಿಟ್ಟಿದ್ದರೆ ವೆಬ್‌ಸೈಟ್‌ಗಳೆಲ್ಲ ತೆರೆಯುತ್ತವೆ, ಆಫೀಸಿನ ಡೊಮೇನ್ ಮಾತ್ರ ಸಿಗುವುದಿಲ್ಲ. ನೆಟ್‌ವರ್ಕ್ ಅಡಾಪ್ಟರ್‌ನ ಪ್ರಾಪರ್ಟೀಸ್‌ಗೆ ಹೋಗಿ ಡಿಎನ್‌ಎಸ್ ಅನ್ನು ಮತ್ತೆ ಆಟೊಮ್ಯಾಟಿಕ್‌ಗೆ ಹಾಕಿ.

ವಿಪಿಎನ್‌ನಲ್ಲಿ ಇಮೇಲ್, ಫೋಲ್ಡರ್ ಎಲ್ಲ ಸರಿ ಇದ್ದು ಪಾಸ್‌ವರ್ಡ್ ಬದಲಾವಣೆ ಮಾತ್ರ ಸೋಲುವುದೂ ಉಂಟು. ಡೊಮೇನ್‌ನಲ್ಲಿ ಗುರುತು ಪರೀಕ್ಷಿಸುವ ಕರ್ಬೆರೋಸ್ ಎಂಬ ವ್ಯವಸ್ಥೆ ಲಾಗಿನ್‌ಗೆ ಬಳಸುವ ಪೋರ್ಟ್ (ಸರ್ವರ್‌ನ ಸಂಖ್ಯೆ ಹಾಕಿದ ಬಾಗಿಲು) 88, ಪಾಸ್‌ವರ್ಡ್ ಬದಲಾವಣೆಗೆ ಪೋರ್ಟ್ 464. ಫೈರ್‌ವಾಲ್‌ನಲ್ಲಿ 88 ತೆರೆದು 464 ಮರೆತಿರುತ್ತಾರೆ. ಪವರ್‌ಶೆಲ್‌ನ ‘ಟೆಸ್ಟ್-ನೆಟ್‌ಕನೆಕ್ಷನ್’ ಕಮಾಂಡ್‌ಗೆ ಸರ್ವರ್ ಹೆಸರನ್ನೂ ಪೋರ್ಟ್ ಸಂಖ್ಯೆಯನ್ನೂ ಕೊಟ್ಟು ನೋಡಿದರೆ ಸತ್ಯ ಹೊರಬೀಳುತ್ತದೆ.

ಗಡಿಯಾರವನ್ನೂ ನೋಡಿ. ಕಂಪ್ಯೂಟರ್‌ನ ಸಮಯಕ್ಕೂ ಸರ್ವರ್‌ನ ಸಮಯಕ್ಕೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕರ್ಬೆರೋಸ್ ನಂಬುವುದಿಲ್ಲ. ಹಳೆಯ ಮದರ್‌ಬೋರ್ಡ್‌ನ ಬ್ಯಾಟರಿ ಮುಗಿದಿದ್ದರೆ, ಟೈಮ್ ಝೋನ್ ತಪ್ಪಾಗಿದ್ದು ಗಂಟೆಯನ್ನಷ್ಟೇ ಯಾರೋ ಕೈಯಾರೆ ಸರಿಮಾಡಿದ್ದರೆ ಹೀಗಾಗುತ್ತದೆ. ತೆರೆಯ ಮೇಲಿನ ಗಂಟೆ ಸರಿಯಿದೆ ಎಂದು ಮೋಸಹೋಗಬೇಡಿ, ಝೋನ್ ಪರಿಶೀಲಿಸಿ.

‘ವರ್ಕ್‌ಸ್ಟೇಷನ್ ಮತ್ತು ಡೊಮೇನ್ ನಡುವಿನ ಟ್ರಸ್ಟ್ ಮುರಿದಿದೆ’ ಎಂಬ ಸಂದೇಶ ಬಂದರೆ ಕಥೆಯೇ ಬೇರೆ. ನಿಮ್ಮಂತೆ ಕಂಪ್ಯೂಟರ್‌ಗೂ ಡೊಮೇನ್‌ನಲ್ಲಿ ಒಂದು ಅಕೌಂಟ್, ಒಂದು ಪಾಸ್‌ವರ್ಡ್ ಇದೆ, ಅದು ಸಾಮಾನ್ಯವಾಗಿ 30 ದಿನಕ್ಕೊಮ್ಮೆ ತಾನಾಗಿ ಬದಲಾಗುತ್ತದೆ. ಹಳೆಯ ಬ್ಯಾಕಪ್ ಅಥವಾ ವರ್ಚುವಲ್ ಮಷೀನ್‌ನ ಹಳೆಯ ಸ್ನ್ಯಾಪ್‌ಶಾಟ್ ಹಾಕಿದಾಗ ಅದು ತಾಳೆ ತಪ್ಪುತ್ತದೆ. ಐಟಿಯವರು ಲೋಕಲ್ ಅಡ್ಮಿನ್ ಆಗಿ ಒಳಹೊಕ್ಕು ಪವರ್‌ಶೆಲ್‌ನಲ್ಲಿ ‘ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್’ ಕಮಾಂಡ್‌ಗೆ ‘ರಿಪೇರ್’ ಆಯ್ಕೆಯನ್ನೂ ಡೊಮೇನ್ ಅಡ್ಮಿನ್ ವಿವರವನ್ನೂ ಕೊಟ್ಟು ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಬದಲಾಯಿತು, ಆದರೆ ಲ್ಯಾಪ್‌ಟಾಪ್ ಹಳೆಯದನ್ನೇ ಕೇಳುತ್ತಿದೆ

ಬ್ರೌಸರ್‌ನಲ್ಲೋ ಫೋನಿನಲ್ಲೋ ಹೆಲ್ಪ್‌ಡೆಸ್ಕ್ ಮೂಲಕವೋ ಬದಲಾಯಿಸಿದಾಗ ಇದು ಸಹಜ. ಸರ್ವರ್ ಸಿಗದಿದ್ದಾಗಲೂ ಲಾಗಿನ್ ಆಗಲೆಂದು ವಿಂಡೋಸ್ ಹಿಂದಿನ ಲಾಗಿನ್ ವಿವರವನ್ನು ಉಳಿಸಿಟ್ಟುಕೊಳ್ಳುತ್ತದೆ. ಯಾರೂ ಬದಲಿಸದಿದ್ದರೆ 10 ಲಾಗಿನ್‌ಗಳಷ್ಟು. ಮನೆಯಲ್ಲಿ ಕೂತ ಲ್ಯಾಪ್‌ಟಾಪ್‌ಗೆ ಗೊತ್ತಿರುವುದು ಆ ನೆರಳು ಮಾತ್ರ.

ಹಳೆಯ ಪಾಸ್‌ವರ್ಡ್‌ನಿಂದಲೇ ಲಾಗಿನ್ ಆಗಿ. ವಿಪಿಎನ್‌ಗೆ ಹೊಸ ಪಾಸ್‌ವರ್ಡ್ ಕೊಟ್ಟು ಸೇರಿಕೊಳ್ಳಿ. ವಿಪಿಎನ್ ಕಡಿಯದೆ ಸ್ಕ್ರೀನ್ ಲಾಕ್ ಮಾಡಿ, ಹೊಸ ಪಾಸ್‌ವರ್ಡ್‌ನಿಂದ ತೆರೆಯಿರಿ. ಆ ಒಂದು ಅನ್‌ಲಾಕ್ ಸರ್ವರ್ ತನಕ ಹೋಗಿ ಬರುತ್ತದೆ, ನೆರಳು ಹೊಸದಾಗುತ್ತದೆ. ರೀಸ್ಟಾರ್ಟ್ ಮಾಡಿದರೆ ಆಗುವುದಿಲ್ಲವೇ ಎಂದರೆ, ಆಗುವುದಿಲ್ಲ. ರೀಸ್ಟಾರ್ಟ್ ಆದಾಗ ವಿಪಿಎನ್ ಕಡಿದು ಹೋಗಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀರಿ. ಲಾಗಿನ್‌ಗೆ ಮೊದಲೇ ವಿಪಿಎನ್ ಸೇರುವ ಸೌಲಭ್ಯ ಇದ್ದರೆ ಮಾತ್ರ ಬೇರೆ ಮಾತು.

ಆಫೀಸ್ ವೈಫೈಗೂ ಇದೇ ಪಾಸ್‌ವರ್ಡ್ ಆಗಿದ್ದರೆ ಇನ್ನೊಂದು ಗೋಜಲಿದೆ. ವೈಫೈ ಸೇರಲು ಹೊಸ ಪಾಸ್‌ವರ್ಡ್ ಬೇಕು, ಲ್ಯಾಪ್‌ಟಾಪ್‌ಗೆ ಹೊಸ ಪಾಸ್‌ವರ್ಡ್ ತಿಳಿಯಲು ವೈಫೈ ಬೇಕು. ನೆಟ್‌ವರ್ಕ್ ಕೇಬಲ್ ಹಾಕಿ ಲಾಗಿನ್ ಆಗಿ, ಉಳಿಸಿಟ್ಟ ವೈಫೈಯನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿಸಿ.

ಬದಲಾಯಿಸಿದ ಮೇಲೆ ಅಕೌಂಟ್ ಪದೇಪದೇ ಲಾಕ್ ಆಗುತ್ತಿದ್ದರೆ

ಐಟಿಯವರು ಬಿಡಿಸುತ್ತಾರೆ, ಹತ್ತು ನಿಮಿಷಕ್ಕೆ ಮತ್ತೆ ಲಾಕ್. ನೀವು ತಪ್ಪಾಗಿ ಟೈಪ್ ಮಾಡುತ್ತಿಲ್ಲ, ಎಲ್ಲೋ ಉಳಿಸಿಟ್ಟ ಹಳೆಯ ಪ್ರತಿಯೊಂದು ನಿಮ್ಮ ಪರವಾಗಿ ಬಾಗಿಲು ಬಡಿಯುತ್ತಲೇ ಇದೆ. ಅನ್‌ಲಾಕ್ ಮಾಡುವುದು ಪರಿಹಾರವಲ್ಲ, ಬಡಿಯುವವರನ್ನು ಹಿಡಿಯಬೇಕು.

ಒಂದು ಸೂಕ್ಷ್ಮ ಸಂಗತಿ ಗೊತ್ತಿದ್ದರೆ ಹುಡುಕಾಟ ಸುಲಭ. ಇತಿಹಾಸದಲ್ಲಿರುವ ತೀರಾ ಇತ್ತೀಚಿನ ಎರಡು ಪಾಸ್‌ವರ್ಡ್‌ಗಳಲ್ಲಿ ಒಂದನ್ನು ಯಾರಾದರೂ ಕೊಟ್ಟರೆ ಡೊಮೇನ್ ಕಂಟ್ರೋಲರ್ ಒಳಗೆ ಬಿಡುವುದಿಲ್ಲ, ಆದರೆ ತಪ್ಪು ಪ್ರಯತ್ನಗಳ ಲೆಕ್ಕಕ್ಕೂ ಸೇರಿಸುವುದಿಲ್ಲ. ಹಾಗಾಗಿ ಲಾಕ್ ಮಾಡಿಸುತ್ತಿರುವುದು ಹೆಚ್ಚಾಗಿ ಅದಕ್ಕೂ ಹಳೆಯದನ್ನು ಹಿಡಿದುಕೂತ ಯಾವುದೋ ಸಾಧನ: ಡ್ರಾಯರ್‌ನಲ್ಲಿರುವ ಹಳೆಯ ಫೋನ್, ಮೀಟಿಂಗ್ ರೂಮಿನ ಕಂಪ್ಯೂಟರ್, ಯಾರೂ ನೋಡದ ಟ್ಯಾಬ್ಲೆಟ್. ಇನ್ನೊಂದು ವಿಚಿತ್ರವೆಂದರೆ, ಕರ್ಬೆರೋಸ್‌ಗಿಂತ ಹಳೆಯದಾದ ಎನ್‌ಟಿಎಲ್‌ಎಂ ವಿಧಾನದಲ್ಲಿ ನೆಟ್‌ವರ್ಕ್ ಮೂಲಕ ಬರುವ ಲಾಗಿನ್‌ಗೆ ಹಳೆಯ ಪಾಸ್‌ವರ್ಡ್ ಬದಲಾವಣೆಯ ನಂತರವೂ ಸುಮಾರು 60 ನಿಮಿಷ ನಡೆಯುತ್ತದೆ. ಬದಲಾಯಿಸಿದ ಕೂಡಲೇ ಎಲ್ಲ ಸರಿಯಿದ್ದು ಒಂದು ಗಂಟೆ ಕಳೆದ ಮೇಲೆ ರಗಳೆ ಶುರುವಾಗುವುದಕ್ಕೆ ಇದೂ ಒಂದು ಕಾರಣ.

ನೀವೇ ನೋಡಬಹುದಾದ ಜಾಗಗಳು: ಫೋನಿನ ಇಮೇಲ್ ಮತ್ತು ಕ್ಯಾಲೆಂಡರ್, ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್, ಅದರಲ್ಲೂ ವಿಂಡೋಸ್ ಕ್ರೆಡೆನ್ಶಿಯಲ್ಸ್ ಕೆಳಗಿನ ಹಳೆಯ ಸರ್ವರ್ ಹೆಸರುಗಳು, ಬೇರೆ ಯೂಸರ್‌ನೇಮ್ ಕೊಟ್ಟು ಮ್ಯಾಪ್ ಮಾಡಿದ ಡ್ರೈವ್‌ಗಳು, ನಿಮ್ಮ ಹೆಸರಿನಲ್ಲಿ ಓಡುವ ಶೆಡ್ಯೂಲ್ಡ್ ಟಾಸ್ಕ್ ಮತ್ತು ಸರ್ವಿಸ್‌ಗಳು, ಸೈನ್ ಔಟ್ ಆಗದೆ ಬರೀ ಡಿಸ್‌ಕನೆಕ್ಟ್ ಆದ ರಿಮೋಟ್ ಡೆಸ್ಕ್‌ಟಾಪ್. ಎರಡನೆಯ ಹೆಜ್ಜೆಯಲ್ಲಿ ಸೈನ್ ಔಟ್ ಮಾಡಿ ಎಂದದ್ದು ಇದಕ್ಕೇ. ಸ್ಕ್ಯಾನ್ ಮಾಡಿ ಫೋಲ್ಡರ್‌ಗೆ ಕಳಿಸುವ ಪ್ರಿಂಟರ್‌ನಲ್ಲಿ ಯಾರಾದರೂ ನಿಮ್ಮ ಪಾಸ್‌ವರ್ಡ್ ಹಾಕಿಟ್ಟಿದ್ದರೆ, ಅದನ್ನು ಕಂಡುಹಿಡಿಯುವುದು ಎಲ್ಲಕ್ಕಿಂತ ಕೊನೆಗೆ.

ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ ಅರ್ಧ ಗಂಟೆ ಕಾಯಿರಿ. ಲಾಕ್ ನಿಂತರೆ ಅಪರಾಧಿ ಸಿಕ್ಕಂತೆ. ನಿಲ್ಲದಿದ್ದರೆ ಐಟಿಯವರು ಡೊಮೇನ್ ಕಂಟ್ರೋಲರ್‌ನ ಸೆಕ್ಯುರಿಟಿ ಲಾಗ್ ನೋಡಬೇಕು. ಲಾಕ್ ಆದ ದಾಖಲೆ ಇವೆಂಟ್ 4740, ಅದರಲ್ಲಿ ‘ಕಾಲರ್ ಕಂಪ್ಯೂಟರ್ ನೇಮ್’ ಎಂಬ ಸಾಲಿನಲ್ಲಿ ಬಾಗಿಲು ಬಡಿದ ಕಂಪ್ಯೂಟರ್‌ನ ಹೆಸರಿರುತ್ತದೆ. ಹುಡುಕಲು ಸರಿಯಾದ ಜಾಗ ಪಿಡಿಸಿ ಎಮ್ಯುಲೇಟರ್ ಪಾತ್ರ ವಹಿಸಿರುವ ಸರ್ವರ್. ಯಾವ ಸರ್ವರ್‌ನಲ್ಲಿ ಲಾಕ್ ಆದರೂ ಸುದ್ದಿ ಅಲ್ಲಿಗೆ ಬರುತ್ತದೆ. ಆ ಸಾಲಿನಲ್ಲಿ ಮೇಲ್ ಸರ್ವರ್‌ನ ಹೆಸರಿದ್ದರೆ ಫೋನಿನ ಕಡೆ ನೋಡಿ. ಇನ್ನೂ ಆಳಕ್ಕೆ ಇಳಿಯಬೇಕಾದರೆ ಆ ಕಂಪ್ಯೂಟರ್‌ನಲ್ಲೇ ಇವೆಂಟ್ 4625, ಸರ್ವರ್‌ನಲ್ಲಿ ಕರ್ಬೆರೋಸ್‌ಗೆ 4771, ಎನ್‌ಟಿಎಲ್‌ಎಂಗೆ 4776.

ಹೆಲ್ಪ್‌ಡೆಸ್ಕ್‌ನಲ್ಲಿ ಕೂತವರಿಗೆ

ಚೇಂಜ್ ಮತ್ತು ರೀಸೆಟ್ ಎರಡೂ ಒಂದೇ ಅಲ್ಲ. ಚೇಂಜ್ ಎಂದರೆ ಹಳೆಯದು ಗೊತ್ತಿದ್ದವರು ಮಾಡುವುದು, ಲಾಗ್‌ನಲ್ಲಿ ಅದು 4723. ರೀಸೆಟ್ ಎಂದರೆ ಅಧಿಕಾರವಿದ್ದವರು ಹಳೆಯದನ್ನು ಕೇಳದೆ ಹೊಸದನ್ನು ಕೂರಿಸುವುದು, ಅದು 4724. ರೀಸೆಟ್‌ಗೆ ಇತಿಹಾಸ ಮತ್ತು ಕನಿಷ್ಠ ವಯಸ್ಸಿನ ತಡೆ ಇಲ್ಲ, ಉದ್ದ ಮತ್ತು ಸಂಕೀರ್ಣತೆಯ ತಡೆ ಇದೆ.

ತಾತ್ಕಾಲಿಕ ಪಾಸ್‌ವರ್ಡ್ ಕೊಡುವಾಗ ‘ಮುಂದಿನ ಲಾಗಿನ್‌ನಲ್ಲಿ ಬದಲಾಯಿಸಬೇಕು’ ಎಂಬ ಗುರುತು ಹಾಕಲು ಮರೆತರೆ, ಆ ತಾತ್ಕಾಲಿಕವನ್ನು ಬದಲಾಯಿಸಲು ಬಳಕೆದಾರರಿಗೆ ಒಂದು ದಿನದ ತನಕ ಆಗುವುದಿಲ್ಲ. ಆ ಗುರುತು ಇದ್ದರೆ ಕನಿಷ್ಠ ವಯಸ್ಸು ಅಡ್ಡಬರುವುದಿಲ್ಲ. ಆದರೆ ಬರೀ ರಿಮೋಟ್ ಡೆಸ್ಕ್‌ಟಾಪ್ ಬಳಸುವವರಿಗೆ ಇದೇ ಗುರುತು ಉರುಳಾಗುತ್ತದೆ: ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಆನ್ ಇದ್ದರೆ ತೆರೆ ಕಾಣುವ ಮೊದಲೇ ಲಾಗಿನ್ ತಿರಸ್ಕೃತವಾಗುತ್ತದೆ, ಬದಲಾಯಿಸುವ ಅವಕಾಶವೇ ಬರುವುದಿಲ್ಲ. ಅಂಥವರಿಗೆ ಬದಲಾಯಿಸಲು ಬೇರೆ ದಾರಿ ಕೊಡಿ, ಇಲ್ಲವೇ ಗುರುತು ತೆಗೆದು ಗಟ್ಟಿಯಾದ ಪಾಸ್‌ವರ್ಡ್ ಅನ್ನೇ ಕೂರಿಸಿ.

ಗ್ರೂಪ್ ಪಾಲಿಸಿಯಲ್ಲಿ ನಿಯಮ ಬದಲಿಸಿದರೂ ಡೊಮೇನ್ ಅಕೌಂಟ್‌ಗಳಿಗೆ ಹತ್ತುತ್ತಿಲ್ಲವೆಂದರೆ ಅದನ್ನು ಓಯು (ಡೊಮೇನ್ ಒಳಗಿನ ಉಪವಿಭಾಗ) ಮಟ್ಟದಲ್ಲಿ ಲಿಂಕ್ ಮಾಡಿರುತ್ತೀರಿ. ಡೊಮೇನ್ ಅಕೌಂಟ್‌ಗಳ ಪಾಸ್‌ವರ್ಡ್ ನಿಯಮ ಡೊಮೇನ್ ಮಟ್ಟದಲ್ಲಿ ಲಿಂಕ್ ಆದರೆ ಮಾತ್ರ ನಡೆಯುತ್ತದೆ. ಗುಂಪಿಗೊಂದು ನಿಯಮ ಬೇಕಿದ್ದರೆ ವಿಂಡೋಸ್ ಸರ್ವರ್ 2008ರಲ್ಲಿ ಬಂದ ಫೈನ್-ಗ್ರೇನ್ಡ್ ಪಾಲಿಸಿ ಇದೆ. ಒಬ್ಬರಿಗೆ ಕೊನೆಗೆ ಯಾವ ನಿಯಮ ತಗಲುತ್ತಿದೆ ಎಂದು ‘ಗೆಟ್-ಎಡಿಯೂಸರ್‌ರಿಸಲ್ಟಂಟ್‌ಪಾಸ್‌ವರ್ಡ್‌ಪಾಲಿಸಿ’ ಹೇಳುತ್ತದೆ. ಉತ್ತರ ಖಾಲಿ ಬಂದರೆ ಡೊಮೇನ್‌ನ ಸಾಮಾನ್ಯ ನಿಯಮವೇ ಎಂದು ತಿಳಿಯಿರಿ.

ಲೋಕಲ್ ಅಕೌಂಟ್ ಪಾಸ್‌ವರ್ಡ್ ಅನ್ನು ಬಲವಂತವಾಗಿ ರೀಸೆಟ್ ಮಾಡುವ ಮುನ್ನ ಎರಡು ಸಲ ಯೋಚಿಸಿ. ಆ ಬಳಕೆದಾರರು ಇಎಫ್‌ಎಸ್‌ನಿಂದ ಗೂಢಲಿಪೀಕರಿಸಿದ ಫೈಲ್‌ಗಳು, ಉಳಿಸಿಟ್ಟ ಪಾಸ್‌ವರ್ಡ್‌ಗಳು ಹಳೆಯ ಪಾಸ್‌ವರ್ಡ್‌ಗೆ ಕಟ್ಟಿಹಾಕಿಕೊಂಡಿರುತ್ತವೆ, ಕೈತಪ್ಪಿ ಹೋಗಬಹುದು. ಹಳೆಯದು ನೆನಪಿದ್ದರೆ ಚೇಂಜ್ ಮಾಡಿಸುವುದೇ ಕ್ಷೇಮ. ಡೊಮೇನ್ ಅಕೌಂಟ್‌ಗಳಿಗೆ ಆ ಕೀಲಿಯ ಬ್ಯಾಕಪ್ ಅನ್ನು ತೆರೆಯಬಲ್ಲ ವ್ಯವಸ್ಥೆ ಡೊಮೇನ್ ಕಂಟ್ರೋಲರ್‌ನಲ್ಲಿ ಇರುವುದರಿಂದ ಅಷ್ಟು ಭಯವಿಲ್ಲ.

ಕ್ಲೌಡ್, ಮ್ಯಾಕ್, ಲಿನಕ್ಸ್

ಎಂಟ್ರಾ ಐಡಿಯಲ್ಲಿ ಪಾಸ್‌ವರ್ಡ್ 8ರಿಂದ 256 ಅಕ್ಷರ ಇರಬಹುದು. ಸುಲಭವಾಗಿ ಊಹಿಸಬಹುದಾದ ಪದ ಎಂದು ತಿರಸ್ಕರಿಸಿದರೆ ಅದು ನಿಷೇಧಿತ ಪದಗಳ ಪಟ್ಟಿಯ ಕೆಲಸ. ಎ ಬದಲು @, ಓ ಬದಲು ಸೊನ್ನೆ ಹಾಕಿ ವೇಷ ಮರೆಸಿದರೂ ಅದು ಮೊದಲು ವೇಷ ಕಳಚಿಯೇ ಹೋಲಿಸುತ್ತದೆ. ಕಂಪನಿಯ ಹೆಸರಿನ ಜೊತೆ ಇಸವಿ ಸೇರಿಸುವ ಅಭ್ಯಾಸ ಇಲ್ಲಿ ನಡೆಯದು. ಆಫೀಸಿನ ಸರ್ವರ್‌ನಲ್ಲಿ ಬದಲಾಯಿಸಿದ್ದು ಕ್ಲೌಡ್‌ಗೆ ಹೋಗುವ ಹ್ಯಾಶ್ ಸಿಂಕ್ 2 ನಿಮಿಷಕ್ಕೊಮ್ಮೆ ಓಡುತ್ತದೆ, ಕಾಲು ಗಂಟೆಯಾದರೂ ತಲುಪದಿದ್ದರೆ ಸಿಂಕ್ ಕೆಟ್ಟಿದೆ. ಕ್ಲೌಡ್‌ನಲ್ಲಿ ಬದಲಾಯಿಸಿದ್ದು ಆಫೀಸಿಗೆ ಬರಬೇಕಾದರೆ ಪಾಸ್‌ವರ್ಡ್ ರೈಟ್‌ಬ್ಯಾಕ್ ಆನ್ ಇರಲೇಬೇಕು.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಯೂಸರ್ಸ್ ಅಂಡ್ ಗ್ರೂಪ್ಸ್ ಮೂಲಕ ಬದಲಾಯಿಸಿದರೆ, ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಕೀಚೈನ್ ಕೂಡ ಜೊತೆಗೇ ಬದಲಾಗುತ್ತದೆ. ಬೇರೆ ಕಡೆ ಬದಲಾಯಿಸಿದರೆ ಕೀಚೈನ್ ಹಳೆಯದನ್ನೇ ಕೇಳುತ್ತಾ ಕೂರುತ್ತದೆ. ಹಳೆಯದು ನೆನಪಿದ್ದರೆ ಒಮ್ಮೆ ಕೊಟ್ಟರೆ ಮುಗಿಯಿತು. ನೆನಪಿಲ್ಲದಿದ್ದರೆ ಹೊಸ ಕೀಚೈನ್ ಮಾಡಬೇಕು, ಹಳೆಯದರೊಳಗೆ ಉಳಿಸಿಟ್ಟದ್ದು ತೆರೆಯುವುದಿಲ್ಲ.

ಲಿನಕ್ಸ್‌ನ ‘ಪಾಸ್‌ಡಬ್ಲ್ಯುಡಿ’ ಕಮಾಂಡ್‌ನಲ್ಲಿ ಟೈಪ್ ಮಾಡುವಾಗ ಚುಕ್ಕೆಯೂ ಕಾಣುವುದಿಲ್ಲ, ಕೀಬೋರ್ಡ್ ಕೆಟ್ಟಿಲ್ಲ. ‘ಅಥೆಂಟಿಕೇಶನ್ ಟೋಕನ್ ಮ್ಯಾನಿಪ್ಯುಲೇಶನ್ ಎರರ್’ ಬಂದರೆ ಹಳೆಯದು ತಪ್ಪಾಗಿರಬಹುದು, ಡಿಸ್ಕ್ ತುಂಬಿರಬಹುದು, ಇಲ್ಲವೇ ರೂಟ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ ಆಗಿರಬಹುದು. ‘ಡಿಎಫ್’ನಿಂದ ಜಾಗ ಎಷ್ಟಿದೆ ನೋಡಿ. ರೀಡ್-ಓನ್ಲಿ ಆಗಿದ್ದರೆ ಏಕಾಯಿತೆಂದು ಲಾಗ್ ಓದಿದ ಮೇಲೆಯೇ ರೀಮೌಂಟ್ ಮಾಡಿ, ಡಿಸ್ಕ್ ಸಾಯುತ್ತಿರುವ ಸೂಚನೆಯೂ ಅದಾಗಿರಬಹುದು. ಅವಧಿಯ ವಿವರಕ್ಕೆ ‘ಚೇಜ್’ ಕಮಾಂಡ್‌ನ ‘ಎಲ್’ ಆಯ್ಕೆ ಇದೆ.

ಐಟಿಯವರಿಗೆ ದೂರು ಕೊಡುವಾಗ

‘ಪಾಸ್‌ವರ್ಡ್ ಆಗ್ತಿಲ್ಲ’ ಎಂದಷ್ಟೇ ಬರೆದರೆ ಒಂದು ದಿನ ಪ್ರಶ್ನೋತ್ತರದಲ್ಲೇ ಕಳೆಯುತ್ತದೆ. ಎರರ್‌ನ ಪೂರ್ತಿ ವಾಕ್ಯದ ಫೋಟೊ, ಅದು ಬಂದ ಸಮಯ ನಿಮಿಷದ ಲೆಕ್ಕದಲ್ಲಿ, ‘ಹೂಆ್ಯಮ್‌ಐ’ ಕೊಟ್ಟ ಉತ್ತರ, ಕಂಪ್ಯೂಟರ್ ಹೆಸರು, ಕೇಬಲ್ಲೋ ವೈಫೈಯೋ ವಿಪಿಎನ್ನೋ, ‘ಪಾಸ್‌ವರ್ಡ್ ಲಾಸ್ಟ್ ಸೆಟ್’ ಮತ್ತು ‘ಚೇಂಜೆಬಲ್’ ಸಾಲುಗಳು, ಇದೇ ಅಕೌಂಟ್ ಇನ್ನೊಂದು ಕಂಪ್ಯೂಟರ್‌ನಲ್ಲಿ ನಡೆಯುತ್ತಿದೆಯೇ ಎಂಬುದು, ಇಷ್ಟನ್ನು ಕಳಿಸಿ. ಸಮಯ ಕೊಟ್ಟರೆ ಲಾಗ್‌ನಲ್ಲಿ ನಿಮ್ಮ ಸಾಲು ಬೇಗ ಸಿಗುತ್ತದೆ. ಪಾಸ್‌ವರ್ಡ್ ಅನ್ನು ಮಾತ್ರ, ಹಳೆಯದಾಗಲಿ ಹೊಸದಾಗಲಿ, ಬರೆಯಬೇಡಿ, ಯಾರು ಕೇಳಿದರೂ ಹೇಳಬೇಡಿ. ರೀಸೆಟ್ ಮಾಡಲು ಐಟಿಯವರಿಗೆ ಅದು ಬೇಕಾಗುವುದಿಲ್ಲ. ‘ನಿಮ್ಮ ಪಾಸ್‌ವರ್ಡ್ ಇಂದು ಮುಗಿಯುತ್ತದೆ, ಇಲ್ಲಿ ಒತ್ತಿ’ ಎಂಬ ಮೇಲ್ ಬಂದರೆ ಅದರೊಳಗಿನ ಲಿಂಕ್ ಬಿಟ್ಟು ‘ನೆಟ್ ಯೂಸರ್’ ತೋರಿಸುವ ‘ಎಕ್ಸ್‌ಪೈರ್ಸ್’ ಸಾಲನ್ನು ನೋಡಿ.